ಹ್ಞೂಂ ಅಂದ ಸಾಲುಗಳು

ಮಕ್ತಲ್
೬ ಜನವರಿ ೨೦೨೫

ಝಾನ್ಸಿ,

ಇಲ್ಲಿ ಎಲ್ಲರೂ ಆರಾಮ. ನಿನ್ನ ಕ್ಷೇಮ ಕೇಳಬೇಕೋ ಬೇಡವೋ ಎಂಬುದನ್ನು ಈ ಪತ್ರ ಮುಗಿಯುವಷ್ಟರಲ್ಲಿ ತೀರ್ಮಾನಿಸುತ್ತೇನೆ.

ಗಡಿಯೂರು ಕೃಷ್ಣಾದ ಕನ್ನಡ ಶಾಲೆಯಲ್ಲಿ ಆರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಆ ಸಲಿಗೆಯಿಂದಲೇ ನಮ್ಮ ಕುರಿಗಾರರ ಸಂಘಕ್ಕೆ ಒಂದು ಆ್ಯಪ್ ಮಾಡಿಕೊಡು ಎಂದು ನಿನ್ನನ್ನು ಕೇಳಿದ್ದು. ಯಾವ ಕುರಿಗೆ ಲಸಿಕೆಯ ಸೂಜಿ ಬಿದ್ದಿದೆ, ಯಾವುದಕ್ಕೆ ಬಿದ್ದಿಲ್ಲ, ಮುಂದಿನ ಸೂಜಿ ಯಾವಾಗ, ಇಷ್ಟು ತಿಳಿದರೆ ಸಾಕಿತ್ತು. ಹೋದ ವರ್ಷ ಸೂಜಿ ಬಿದ್ದ ಹಿಂಡಿಗೇ ಮತ್ತೆ ಬಿದ್ದು, ಬೀಳದ ಹಿಂಡು ಹಾಗೇ ಉಳಿದು, ನಮ್ಮತ್ತೆ ಹನುಮಮ್ಮನ ಹದಿನಾಲ್ಕು ಮರಿ ಸತ್ತವು. ನೀನೇ ಬಂದು ಹಟ್ಟಿ ನೋಡಿ ಬರೆದುಕೋ ಎಂದೆ. 'ಬರುವುದೇಕೆ, ಫೋನಿನಲ್ಲಿ ಹೇಳಿಸು' ಎಂದೆ ನೀನು. ಗದ್ವಾಲದಿಂದ ಮಕ್ತಲ್ ಏನು ಕಾಶಿಯೇ?

ಹೇಳಿಸಿದೆ. ಎಲ್ಲರಂತೆ ಅತ್ತೆಯೂ ತಮ್ಮ ಕುರಿ ಎಣಿಸಿ ನಿನಗೆ ಧ್ವನಿ ಕಳಿಸಿದರು: "ಲಾಭ, ಎರಡು, ಮೂರು, ನಾಕು, ಐದು, ಆರು, ಆರುಮತ್ತೊಂದು, ಎಂಟು..." ರಾಶಿ ಅಳೆಯುವಾಗ, ಕುರಿ ಎಣಿಸುವಾಗ ನಮ್ಮವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಏಳು ಎನ್ನುವುದಿಲ್ಲ. ತೆಲುಗಿನಲ್ಲಿ ಆ ಅಂಕಿಯ ಹೆಸರಿಗೆ ಅಳು ಎಂಬ ಅರ್ಥವೂ ಇದೆ. ಎಣಿಸುವ ಹೊತ್ತಿನಲ್ಲಿ ಅಳುವ ಮಾತು ಯಾಕೆ ಎಂದು ಆರುಮತ್ತೊಂದು ಎನ್ನುತ್ತಾರೆ. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು ನೀನು.

ನಿನ್ನೆ ಸಭೆಯಲ್ಲಿ ಅಧ್ಯಕ್ಷ ವೆಂಕಪ್ಪನವರು ಮುನ್ನೂರು ಜನರ ಮುಂದೆ ಆ್ಯಪ್ ತೆರೆದರು. ಅದು ಕೇಳಿದ ಮೊದಲನೆಯ ಪ್ರಶ್ನೆ: 'ನಿಮ್ಮ ಲಾಭ ಎಷ್ಟು?'

"ಯವ್ವಾ ರಜಿತಾ, ಇದು ಕುರಿ ಡಾಕ್ಟರೋ, ಇನ್‌ಕಮ್ ಟ್ಯಾಕ್ಸಿನ ಸಾಹೇಬನೋ?" ಎಂದರು ವೆಂಕಪ್ಪನವರು. ಸಭೆಯೆಲ್ಲ ನಕ್ಕಿತು. ಮುಂದಿನ ಪುಟದಲ್ಲಿ ಕುರಿಗಳು ಎರಡು ಪಾಲಾಗಿದ್ದವು: 'ಆರು', 'ಮತ್ತೊಂದು'. ಇನ್ನೊಮ್ಮೆ ನಕ್ಕಿತು.

ಈ ಸಂಘಕ್ಕೆ ನಾನು ಮೊದಲ ಹೆಣ್ಣು ಕಾರ್ಯದರ್ಶಿ. ಸಿಟ್ಟು ತಡೆಯಲಾಗದೆ ಎದ್ದು ನಿಂತು, ಏಪ್ರಿಲ್ ಹದಿಮೂರರ ಮಹಾಸಭೆಯಲ್ಲಿ ಈ ಆ್ಯಪನ್ನು ನೀವೇ ಒಪ್ಪದಿದ್ದರೆ ನಾನು ಕುರ್ಚಿ ಬಿಡುತ್ತೇನೆ ಎಂದುಬಿಟ್ಟೆ. ವೆಂಕಪ್ಪನವರು ಅದನ್ನು ಕೂಡಲೇ ನಡಾವಳಿ ಪುಸ್ತಕದಲ್ಲಿ ಬರೆಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆದ್ದರಿಂದ ಇನ್ನು ಫೋನಿಲ್ಲ, ಧ್ವನಿಯಿಲ್ಲ. ನಮಗೆ ಏನು ಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಸರಿಯಾಗಿ ಬರೆದಿಡೋಣ, ಆಮೇಲೆ ಆ್ಯಪ್. ಹೇಗೆ ಬರೆದಿಡಬೇಕು ಎಂಬುದನ್ನು ಓದಿದವಳು ನೀನು ಹೇಳು. ಅಂಚೆಯಲ್ಲೇ ಹೇಳು.

ಕ್ಷೇಮದ ವಿಷಯ ಇವತ್ತು ಬೇಡ.

ರಜಿತಾ

•

ಗದ್ವಾಲ
೧೫ ಜನವರಿ ೨೦೨೫

ರಜ್ಜೂ,

ನೀನು ಕೇಳದಿದ್ದರೂ ಹೇಳುತ್ತೇನೆ, ನಾನು ಕ್ಷೇಮ. ಮೋರೆ ಮಾತ್ರ ಸಣ್ಣಗಾಗಿದೆ.

ತಪ್ಪು ನನ್ನದೇ. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ರಾಶಿ ಅಳೆಯುವುದನ್ನು ಎಂದೂ ಕಂಡಿಲ್ಲ. ನಮ್ಮ ಆಫೀಸಿನ ಆಂಜನೇಯುಲು ಶಾಂತಿನಗರದ ಪೇಟೆಯವನು, ಅವನೂ ಕಂಡಿಲ್ಲ. ಧ್ವನಿ ಕೇಳಿ ಕೇಳಿ, "ಮೇಡಂ, ಅಂದರೂ ಮೊದಟ ಲಾಭಮೇ ಅಂಟುನ್ನಾರು" ಎಂದ. ಎಲ್ಲರೂ ಮೊದಲು ಲಾಭವನ್ನೇ ಹೇಳುತ್ತಾರೆ ಎಂದಮೇಲೆ ಅದೇ ಮುಖ್ಯ ಎಂದು ಇಬ್ಬರೂ ಗಂಭೀರವಾಗಿ ತಲೆ ಅಲ್ಲಾಡಿಸಿದೆವು. ಸೀರೆ ಅಂಗಡಿಯ ಮೇಲಿನ ಮೂರು ಕುರ್ಚಿಯ ಆಫೀಸು ನಮ್ಮದು; ಬುದ್ಧಿಯೂ ಅಷ್ಟೇ ಎಂದು ನೀನು ಅನ್ನುವ ಮೊದಲೇ ನಾನೇ ಅಂದಿದ್ದೇನೆ.

ಈ ಸಲ ಪಕ್ಕಾ ಕೆಲಸ. ದೊಡ್ಡ ಕಂಪನಿಗಳು ಮಾಡುವ ಹಾಗೆಯೇ ನಲವತ್ತೆರಡು ಪುಟದ ದಾಖಲೆ ಮಾಡಿ ಇದರ ಜೊತೆ ಕಳಿಸಿದ್ದೇನೆ. ಪ್ರತಿ ಬೇಡಿಕೆಗೂ ಒಂದು ಸಂಖ್ಯೆ. ಪ್ರತಿ ಪುಟಕ್ಕೂ ನಮ್ಮ ಆಫೀಸಿನ ಮುದ್ರೆ. ಹಿರಿಯರಿಗೆ ಓದಿ ಹೇಳಿ, ಪುಟಪುಟಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ಕಳಿಸು. ಆಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ.

ಸಿಟ್ಟು ಇಳಿದಿದ್ದರೆ ಸಂಕ್ರಾಂತಿಯ ಎಳ್ಳು ತಿನ್ನು.

ನಿನ್ನ
ಝಾನ್ಸಿ

•

ಮಕ್ತಲ್
೨ ಫೆಬ್ರವರಿ ೨೦೨೫

ಝಾನ್ಸಿ,

ತುಟಿ ಬಿಚ್ಚುವಂತಿಲ್ಲ ಎಂದೆಯಲ್ಲ, ನಿಜವಾಯಿತು. ಕುರುಮಯ್ಯ ತಾತ ಊರನ್ನೇ ಬಿಟ್ಟು ಹೋದರು.

ಕುರುಮಯ್ಯ ತಾತ ನಮ್ಮ ಕುರಿಗಾರರಲ್ಲೇ ಹಿರಿಯರು. ಬೀರಪ್ಪನ ಗುಡಿಯಲ್ಲಿ ದೇವರ ಕಥೆ ಹೇಳುವವರೂ ಅವರೇ. ಮೊದಲು ಅವರಿಗೇ ತೋರಿಸೋಣ ಎಂದು ಕಟ್ಟು ಬಿಚ್ಚಿದೆ. ಮುದ್ರೆ ನೋಡಿದರು, ಸಂಖ್ಯೆ ನೋಡಿದರು, ಹೆಬ್ಬೆಟ್ಟಿನ ಜಾಗ ನೋಡಿದರು. "ಇದು ಅದಾಲತ್ತಿನ ಸಮನು ಐತಿ. ನಮ್ಮಪ್ಪಗೂ ಹಿಂಗs ಬಂದಿತ್ತು" ಎಂದವರೇ ಕೋಲು ತಗೊಂಡು ಹೊರಟರು. ನಾಲ್ಕು ದಿನವಾದ ಮೇಲೆ ಗಟ್ಟು ಊರಿನ ಕಡೆ ಬೀಗರ ಮನೆಯಲ್ಲಿ ಸಿಕ್ಕರು.

ಅತ್ತೆ ಧೈರ್ಯವಂತರು, ಕೂತು ಕೇಳಿದರು. ಓದುತ್ತಾ ನಿನ್ನ ಮೂರನೆಯ ಪುಟಕ್ಕೆ ಬಂದೆ: 'ನೋಂದಾಯಿಸಲ್ಪಟ್ಟ ಕುರಿಯನ್ನು ಅಳಿಸತಕ್ಕದ್ದಲ್ಲ.' ಅತ್ತೆಯ ಮುಖ ಕೆಂಪಾಯಿತು.

"ಕುರೀನ ಯಾರು ಅಳಸ್ತಾರ? ಅರವತ್ತು ವರ್ಸದಾಗ ಒಂದು ಕುರೀನರ ಅಳಸೀನೇನು ನಾ? ಯಾಕಿ ಬರದಾಕಿ ಇದನ್ನ?"

ಅಳಿಸುವುದು ಎಂದರೆ ಒರೆಸಿ ಹಾಕುವುದು ಎಂದು ತಿಳಿಸಿ ಹೇಳಿದೆ. "ಒರಸಾಕ ಕುರಿ ಏನು ಹಲಗೀನಾ?" ಎಂದರು. ಇದಕ್ಕೆ ಉತ್ತರ ನಿನ್ನಲ್ಲಿದ್ದರೆ ಬರೆ.

ಒಂದು ಹೆಬ್ಬೆಟ್ಟೂ ಬಿದ್ದಿಲ್ಲ. ವೆಂಕಪ್ಪನವರು ಸಿಕ್ಕಾಗಲೆಲ್ಲ "ಎಷ್ಟು ದಿನ ಉಳಿತವ್ವಾ?" ಎಂದು ನಗುತ್ತಾ ಕೇಳುತ್ತಾರೆ. ಅವರ ನಗು ನನಗೆ ಹಿಡಿಸುವುದಿಲ್ಲ. ಈ ಕುರ್ಚಿ ನನಗೆ ಬೇಕು ಝಾನ್ಸಿ. ಹೋದ ವರ್ಷ ಹದಿನಾಲ್ಕು ಮರಿ ಸತ್ತ ಹಾಗೆ ಇನ್ನೊಂದು ವರ್ಷ ಸಾಯಬಾರದು ಎಂದೇ ನಾನು ಚುನಾವಣೆಗೆ ನಿಂತದ್ದು.

ರಜಿತಾ

•

ಗದ್ವಾಲ
೧೦ ಫೆಬ್ರವರಿ ೨೦೨೫

ರಜ್ಜೂ,

ನಿನ್ನ ಪತ್ರ ಓದಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡೆ. ಆಮೇಲೆ ಕೊನೆಯ ಸಾಲು ಓದಿ ಕೂಡಲೇ ಕೆಲಸಕ್ಕೆ ಕೂತೆ.

ನಲವತ್ತೆರಡು ಪುಟವನ್ನು ಒಲೆಗೆ ಹಾಕು. ಇನ್ನೊಂದು ದಾರಿ ಇದೆ, ಈಗಿನ ಕಾಲದ್ದು. ಸಣ್ಣ ಚೀಟಿ. ಒಂದು ಚೀಟಿಗೆ ಒಂದೇ ಬೇಡಿಕೆ, ಅದೂ ಅವರದೇ ಮಾತಿನಲ್ಲಿ. ಇದರ ಜೊತೆ ನೂರು ಹಳದಿ ಚೀಟಿ ಇವೆ. ಪ್ರತಿಯೊಂದರಲ್ಲೂ ಹೀಗೆ ಅಚ್ಚು ಹಾಕಿಸಿದ್ದೇನೆ: 'ನಾನು ........ ನನಗೆ ........ ಬೇಕು. ಯಾಕೆಂದರೆ ........' ಖಾಲಿ ಜಾಗ ತುಂಬಿದರೆ ಮುಗಿಯಿತು. ಮುದ್ರೆ ಇಲ್ಲ, ಸಂಖ್ಯೆ ಇಲ್ಲ, ತಾತ ಓಡಿ ಹೋಗುವ ಕಾರಣವೇ ಇಲ್ಲ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಕುರಿಗಳಿಗೂ.

ನಿನ್ನ
ಝಾನ್ಸಿ

•

ಮಕ್ತಲ್
೨೭ ಫೆಬ್ರವರಿ ೨೦೨೫

ಝಾನ್ಸಿ,

ಚೀಟಿ ನೂರೂ ತುಂಬಿವೆ. ಇನ್ನೂ ಬೇಕಂತೆ.

ಊರಲ್ಲಿ ಹಂಚಿ ಬಂದೆ. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿದರು. ಶಿವರಾತ್ರಿಯ ದಿನ ವಾಪಸು ಕೇಳಿದರೆ ಒಬ್ಬರ ಹತ್ತಿರವೂ ಇಲ್ಲ. ಎಲ್ಲವನ್ನೂ ಬೀರಪ್ಪನ ಪಾದಕ್ಕೆ ಇಟ್ಟು ಬಂದಿದ್ದರು! ನನಗೆ ಇದು ಬೇಕು, ಯಾಕೆಂದರೆ ಹೀಗೆ, ಎಂದು ನೀನು ಅಚ್ಚು ಹಾಕಿಸಿ ಕಳಿಸಿದರೆ ಹರಕೆ ಎಂದುಕೊಳ್ಳದೆ ಇನ್ನೇನು ಎಂದುಕೊಳ್ಳಬೇಕು? ಪೂಜಾರಿಯನ್ನು ಬೇಡಿಕೊಂಡು ಅರಿಶಿನದ ಭಂಡಾರ ಮೆತ್ತಿದ ಚೀಟಿಗಳನ್ನು ಎತ್ತಿಕೊಂಡು ಬಂದೆ.

ಕೆಲವನ್ನು ಬರೆಯುತ್ತೇನೆ, ನಿನ್ನ ಆ್ಯಪಿಗೆ ಆಗುತ್ತದೋ ನೋಡು. 'ನಾನು ತಾಯಪ್ಪ. ನನಗೆ ಸೊಸಿ ಬೇಕು. ಯಾಕೆಂದರೆ ಮಗನಿಗೆ ಮೂವತ್ತಾತು.' 'ನಾನು ಮೈಸಮ್ಮ. ನನಗೆ ಹೊಸ ಕಂಬಳಿ ಬೇಕು. ಯಾಕೆಂದರೆ ಹಳೇದು ನಾದಿನಿ ಒಯ್ದಾಳ.' ನಾದಿನಿಯ ಚೀಟಿಯೂ ಇದೆ, ಅದನ್ನು ಬರೆಯುವುದಿಲ್ಲ.

ನೂರರಲ್ಲಿ ಒಂದೇ ಒಂದು ಕುರಿಯದು. ಅತ್ತೆಯದು. 'ನಾನು ಹನುಮಮ್ಮ. ಸೂಜಿ ಹಾಕೋ ದಿನ ನನಗೆ ಮೊದಲು ತಿಳೀಬೇಕು. ಯಾಕೆಂದರೆ' ಎಂದು ಬರೆಸಿ, ಮುಂದೆ ಖಾಲಿ ಬಿಟ್ಟಿದ್ದಾರೆ. ಯಾಕೆ ಎಂದು ಕೇಳಿದೆ. "ಅದು ಬರ್ಯಾಕ ಬರಂಗಿಲ್ಲ. ಆ ಹುಡುಗಿ ಇಲ್ಲಿಗಿ ಬಂದ್ರ ತೋರಸ್ತೀನಿ" ಎಂದರು.

ಬರುತ್ತೀಯಾ? ಹೋದ ಸಲವೂ ಕೇಳಿದ್ದೆ. ಐವತ್ತು ಕಿಲೋಮೀಟರ್ ಬರಲಾಗದಷ್ಟು ದೊಡ್ಡವಳಾದೆಯಾ ಎಂದು ನನಗೆ ಆವತ್ತೇ ನೋವಾಗಿತ್ತು. ಲಾಭದ ಪ್ರಶ್ನೆಗಿಂತ ಅದೇ ಹೆಚ್ಚು ನೋವು.

ರಜಿತಾ

•

ಗದ್ವಾಲ
೪ ಮಾರ್ಚ್ ೨೦೨೫

ರಜ್ಜೂ,

ನಾನು ದೊಡ್ಡವಳಾಗಿಲ್ಲ. ನಾಯಿ.

ನಗಬೇಡ. ಏಳನೇ ತರಗತಿಯಲ್ಲಿ ನಿಮ್ಮ ಹಟ್ಟಿಗೆ ಬಂದಿದ್ದೆ, ನೆನಪಿದೆಯಾ? ನಿಮ್ಮ ಕುರಿನಾಯಿ ಸ್ಟೇಷನ್‌ವರೆಗೂ ಅಟ್ಟಿಸಿಕೊಂಡು ಬಂದು ನನ್ನ ಲಂಗದ ಅಂಚು ಕಿತ್ತುಕೊಂಡು ಹೋಯಿತು. ಆಗ ನೀನು ನಕ್ಕೆ, ನಾನೂ ನಕ್ಕೆ. ಆದರೆ ಇವತ್ತಿಗೂ ಬೀದಿಯಲ್ಲಿ ನಾಯಿ ಎದ್ದು ಮೈ ಮುರಿದರೆ ಸಾಕು, ನಾನು ಸೀರೆ ಅಂಗಡಿಯೊಳಗೆ ಹೋಗಿ ಬೇಡದ ಸೀರೆಯ ದರ ಕೇಳುತ್ತೇನೆ.

ಗಿರಾಕಿಗಳಿಗೆಲ್ಲ 'ನಾವು ದೂರದಿಂದಲೇ ಬೇಡಿಕೆ ಸಂಗ್ರಹಿಸುತ್ತೇವೆ' ಎಂದು ಠೀವಿಯಿಂದ ಹೇಳುತ್ತೇನೆ. ನಿನಗೂ ಅದನ್ನೇ ಹೇಳಿದೆ. ಮೂವತ್ತೆರಡು ವರ್ಷದವಳು ನಾಯಿಗೆ ಹೆದರಿ ಬರಲಿಲ್ಲ ಎಂದು ಹೇಳುವುದಕ್ಕಿಂತ ಬಿಡುವಿಲ್ಲ ಎನ್ನುವುದು ಸುಲಭವಾಗಿತ್ತು. ನಿನಗೆ ನೋವಾಯಿತು ಎಂದು ಗೊತ್ತಿದ್ದರೆ ಆವತ್ತೇ ಹೇಳುತ್ತಿದ್ದೆ. ಸುಳ್ಳು, ಹೇಳುತ್ತಿರಲಿಲ್ಲ. ಈಗ ಹೇಳಿದ್ದೇನೆ.

ಬರುತ್ತೇನೆ. ಆದರೆ ಕಟ್ಟಿ ಹಾಕು.

ಝಾನ್ಸಿ

•

ಮಕ್ತಲ್
೯ ಮಾರ್ಚ್ ೨೦೨೫

ಝಾನ್ಸವ್ವಾ,

ಕಾರ್ಡು ಸಾಕು, ಹೆಚ್ಚು ಬರೆಯಲು ನಗು ಬಿಡುತ್ತಿಲ್ಲ.

ಹದಿನಾರನೇ ತಾರೀಕು ಭಾನುವಾರ ಬಾ. ಆರು ನಾಯಿಗಳನ್ನೂ ಕಟ್ಟಿಸುತ್ತೇನೆ. ಯಾಕೆ ಎಂದು ಕುರುಮಯ್ಯ ತಾತ ಕೇಳಿದರು. ಒಬ್ಬರು ಬರುತ್ತಾರೆ ಎಂದೆ. "ನಾಯಿ ಕಟ್ಟಬೇಕಂದ್ರ ಬರಾದು ತ್ವಾಳ ಇರಬೇಕು" ಎಂದರು.

ನೀನು ಕ್ಷೇಮವೆ? ಈಗ ಕೇಳುತ್ತಿದ್ದೇನೆ.

ರಜ್ಜು

•

ಗದ್ವಾಲ
೧೯ ಮಾರ್ಚ್ ೨೦೨೫

ರಜ್ಜೂ,

ಕ್ಷೇಮ. ಮೈಯೆಲ್ಲ ಕುರಿವಾಸನೆ, ಮೂರು ದಿನವಾದರೂ ಹೋಗಿಲ್ಲ. ಆಂಜನೇಯುಲು ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡಿದ್ದಾನೆ.

ಆವತ್ತು ನಾನು ಬಂದದ್ದು ಅರವತ್ತೊಂದು ಬೇಡಿಕೆ ಬರೆದುಕೊಂಡು, ಹೌದು ಅಲ್ಲ ಎಂದು ಗುರುತು ಹಾಕಿಕೊಳ್ಳಲು. ಬೇವಿನ ನೆರಳಿನಲ್ಲಿ ಎಲ್ಲರೂ ಕೂತರು. ನಾನು ಕೇಳಿದ್ದಕ್ಕೆಲ್ಲ ಹೌದು ಎಂದರು. 'ಕುರಿಗೆ ಹೆಸರಿನ ಬದಲು ಅಂಕಿ ಕೊಡಬಹುದೇ?' ಹೌದು. 'ಕೊಡಬಾರದೇ?' ಅದಕ್ಕೂ ಹೌದು. ದೂರದಿಂದ ಬಂದ ಹುಡುಗಿಗೆ ಬೇಸರ ಮಾಡಬಾರದು ಎಂಬ ಮರ್ಯಾದೆ. ನಾನು ಸೋತೆ ಎಂದುಕೊಂಡೆ.

ಊಟವಾದ ಮೇಲೆ ನೀನು ಪಾತ್ರೆ ತೊಳೆಯಲು ಹೋದಾಗ ಕುರುಮಯ್ಯ ತಾತ ಬೀರಪ್ಪನ ಕಥೆ ತೆಗೆದರು. ಅವರು ಒಂದು ಮಾತು ಹೇಳುವುದು, ಅತ್ತೆ "ಹ್ಞೂಂ" ಎನ್ನುವುದು. ಒಂದು ಕಡೆ ಅತ್ತೆ ಸುಮ್ಮನಾದರು. ತಾತ ಅಲ್ಲಿಗೇ ನಿಲ್ಲಿಸಿದರು.

"ಯಾಕ, ತಪ್ಪಿದೆನೇನು?"

"ಹೊಳಿ ದಾಟಿದ ಮ್ಯಾಲ ಅಲ್ಲ ಮರಿ ಕಳದಿದ್ದು. ದಾಟಾಕ ಮೊದಲು."

"ಖರೇ" ಎಂದು ತಾತ ಹಿಂದೆ ಹೋಗಿ ಆ ಜಾಗದಿಂದ ಮತ್ತೆ ಹೇಳಿದರು. "ಹ್ಞೂಂ" ಎಂದರು ಅತ್ತೆ. ಕಥೆ ಮುಂದೆ ಹೋಯಿತು.

ನನಗೆ ಮೈ ಜುಮ್ಮೆಂದಿತು ರಜ್ಜೂ. ಕೇಳಿದರೆ ಮರ್ಯಾದೆಗೆ ಹೌದು ಎನ್ನುವ ಜನ, ಕಥೆಯಲ್ಲಿ ಒಂದು ಸುಳ್ಳನ್ನೂ ಬಿಡುವುದಿಲ್ಲ. ಕೂಡಲೇ ನನ್ನ ಅರವತ್ತೊಂದು ಬೇಡಿಕೆಯನ್ನು ಕಥೆಯಂತೆ ಹೇಳತೊಡಗಿದೆ. "ಒಂದು ಊರಿನ್ಯಾಗ ಹನುಮಮ್ಮ ಅಂತ ಒಬ್ಬಾಕಿ ಇದ್ಲು. ಆಕಿ ಕುರಿಗಿ ಒಂದೊಂದಕ್ಕೂ ಹೆಸರಿತ್ತು." ಹ್ಞೂಂ! ಎಲ್ಲರೂ ಒಟ್ಟಿಗೆ. "ಕುರಿ ವಯಸ್ಸು ತಿಂಗಳಿನ್ಯಾಗ ಎಣಸ್ತಿದ್ಲು." ಸದ್ದಿಲ್ಲ. "ಹಲ್ಲು ನೋಡಿ ಹೇಳ್ತಿದ್ಲು." ಹ್ಞೂಂ! ಹೀಗೆ ಅರವತ್ತೊಂದರಲ್ಲಿ ಹದಿನೆಂಟಕ್ಕೆ ಹ್ಞೂಂ ಬಿತ್ತು. ಉಳಿದವನ್ನು ಅಲ್ಲೇ ಹೊಡೆದು ಹಾಕಿದೆ. ಹೊಡೆದು ಹಾಕುವುದರಲ್ಲಿ ಇಷ್ಟು ಸಂತೋಷ ಇದೆ ಎಂದು ನನಗೆ ಯಾವ ಕಾಲೇಜಿನಲ್ಲೂ ಹೇಳಿಕೊಡಲಿಲ್ಲ.

ಇನ್ನು ಉಳಿದದ್ದು ಸೂಜಿಯ ಸಾಲು. "ಸೂಜಿ ದಿನ ಹಿಂಡಿನ ಯಜಮಾನನ ಫೋನಿಗೆ ಸುದ್ದಿ ಬರ್ತಿತ್ತು" ಎಂದೆ. ಹೆಂಗಸರು ಯಾರೂ ಉಸಿರೆತ್ತಲಿಲ್ಲ. ಅತ್ತೆ ಆಗ ನನ್ನ ಕೈ ಹಿಡಿದು ಹಟ್ಟಿಯೊಳಗೆ ಕರೆದುಕೊಂಡು ಹೋಗಿ ತೋರಿಸಿದರು, ಚೀಟಿಯಲ್ಲಿ ಬರೆಯಲಾಗದ್ದನ್ನು. ಕುರಿಗಳೆಲ್ಲ ಅವರನ್ನೇ ನೋಡುತ್ತಿದ್ದವು.

"ಯಜಮಾನ ಪುಣೇದಾಗ ಲಾರಿ ಹೊಡ್ಯಾಕತ್ಯಾನ. ಸುದ್ದಿ ಪುಣೇಕ ಹೋಕ್ಕತಿ. ಕುರಿ ಇಲ್ಲಿ ಅದಾವ, ನಾ ಇಲ್ಲಿ ಅದೀನಿ."

ಯಜಮಾನ ಎಂದರೆ ಅವರ ಮಗ, ನಿನ್ನ ಗಂಡ ಎಂದು ಆಮೇಲೆ ಹೊಳೆಯಿತು. ಹೋದ ವರ್ಷದ ಸೂಜಿಯ ಸುದ್ದಿ ಅವನ ಫೋನಿಗೇ ಹೋಗಿತ್ತಲ್ಲವೆ? ನೀನು ಎಂದೂ ಹೇಳಲಿಲ್ಲ. ನಾನೂ ಕೇಳುವುದಿಲ್ಲ.

ಹನ್ನೆರಡನೆಯ ಸಾಲು ಈಗ ಹೀಗಿದೆ: 'ಹಿಂಡು ಅದರ ಹಿಂದೆ ಹೋಗುವವರ ಹೆಸರಿನಲ್ಲಿ ಇರಬೇಕು. ಸುದ್ದಿ ಅವರ ಫೋನಿಗೇ ಬರಬೇಕು.' ಅದೂ ಸೇರಿ ಒಟ್ಟು ಹತ್ತೊಂಬತ್ತು ಸಾಲು, ಒಂದೇ ಪುಟ. ಸಾಲಿನ ಪಕ್ಕದಲ್ಲಿ ಯಾರು ಹ್ಞೂಂ ಅಂದರೋ ಅವರ ಹೆಸರು. ನಾವು ಹುಡುಕುತ್ತಿದ್ದ ದಾಖಲೆ ಇದೇ. ನಾಳೆಯಿಂದ ಆ್ಯಪ್ ಕಟ್ಟಲು ಕೂರುತ್ತೇವೆ.

ನಾಯಿಗಳಿಗೂ ನಮಸ್ಕಾರ.

ನಿನ್ನ
ಝಾನ್ಸಿ

•

ಗದ್ವಾಲ
೩ ಏಪ್ರಿಲ್ ೨೦೨೫

ರಜ್ಜೂ,

ಆ್ಯಪ್ ಮುಗಿದಿದೆ. ಆದರೆ ಒಂದು ಮಾತು ಕೇಳಬೇಕಾಗಿದೆ.

ನಿನ್ನೆ ವೆಂಕಪ್ಪನವರು ನಮ್ಮ ಆಫೀಸಿಗೇ ಬಂದಿದ್ದರು. ಚಹಾ ಕುಡಿದರು, ಹತ್ತೊಂಬತ್ತು ಸಾಲು ಓದಿಸಿಕೊಂಡರು. "ಹದಿನೆಂಟು ಬೇಷ್ ಅದಾವಮ್ಮ. ಹನ್ನೆರಡನೇದು ಒಂದು ತಗದುಬಿಡು. ಹೆಂಗಸರ ಹೆಸರಿಗಿ ಹಿಂಡು ಅಂದ್ರ ನಮ್ಮೋರು ಕೈ ಎತ್ತಂಗಿಲ್ಲ. ಅದು ತಗದ್ರ ರಜಿತಾನ ಕುರ್ಚಿ ನಾನs ಉಳಸ್ತೀನಿ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದಂತೆ ಕಾಣಲಿಲ್ಲ. ಕೆಲಸ ವಹಿಸಿಕೊಂಡವರು ಸಭೆಗೆ ಬರುವಂತಿಲ್ಲ ಎಂದೂ ಹೇಳಿ ಹೋದರು.

ತೆಗೆಯುವುದು ಐದು ನಿಮಿಷದ ಕೆಲಸ. ಕುರ್ಚಿ ನಿನ್ನದು, ಮಾತು ನಿನ್ನದು. ತೆಗೆಯಲೇ?

ಝಾನ್ಸಿ

•

ಮಕ್ತಲ್
೭ ಏಪ್ರಿಲ್ ೨೦೨೫

ಝಾನ್ಸಿ,

ಮುಟ್ಟಬೇಡ.

ರಜ್ಜು

•

ಮಕ್ತಲ್
೧೪ ಏಪ್ರಿಲ್ ೨೦೨೫

ನನ್ನ ಝಾನ್ಸಿ,

ನಿನ್ನೆಯಿಂದ ಹದಿನೇಳು ಸಲ ಫೋನ್ ಮಾಡಿದ್ದೀ. ಎತ್ತಲಿಲ್ಲ. ಫೋನಿಲ್ಲ ಎಂದರೆ ಇಲ್ಲ. ಅಲ್ಲದೆ ಇದನ್ನು ಬಾಯಲ್ಲಿ ಹೇಳಿದರೆ ನಡುವೆ ನೀನು ಕಿರುಚುತ್ತೀ, ನನಗೆ ಪೂರ್ತಿ ಹೇಳಲು ಆಗುವುದಿಲ್ಲ.

ನಾರಾಯಣಪೇಟೆಯ ಸಭಾಭವನ ತುಂಬಿತ್ತು. ಒಳಗೆ ಸದಸ್ಯರು, ಬಹುಪಾಲು ಗಂಡಸರು. ಸದಸ್ಯತ್ವ ಇಲ್ಲದ ಹೆಂಗಸರು ಹೊರಗೆ ಕಿಟಕಿಯ ಹತ್ತಿರ ನೆರಳಿನಲ್ಲಿ ಕೂತಿದ್ದರು. ಆ್ಯಪ್ ಆಮೇಲೆ, ಮೊದಲು ಬೇಡಿಕೆ ಓದುತ್ತೇನೆ, ಹ್ಞೂಂ ಬಾರದ ಸಾಲನ್ನು ಇಲ್ಲೇ ಹೊಡೆದು ಹಾಕುತ್ತೇನೆ ಎಂದೆ. ಮೊದಲನೆಯ ಸಾಲಿಗೇ ಮುನ್ನೂರು ಜನ ಹ್ಞೂಂ ಎಂದರು. ಛತ್ತಿನ ಪಾರಿವಾಳ ಹಾರಿದವು. ಹನ್ನೊಂದು ಸಾಲು ಹಾಗೇ ಹೋಯಿತು.

ಹನ್ನೆರಡನೆಯದು ಓದಿದೆ. ಒಳಗೆ ಸದ್ದಿಲ್ಲ. ಕಿಟಕಿಯ ಹೊರಗಿಂದ ಹ್ಞೂಂ ಬಂತು, ದೊಡ್ಡದಾಗಿ.

"ಸದಸ್ಯರಲ್ಲದವರ ಹ್ಞೂಂ ನಡಾವಳಿಗಿ ಬರಂಗಿಲ್ಲ" ಎಂದರು ವೆಂಕಪ್ಪನವರು.

ನಾನೇ ಹೇಳಿದ ನಿಯಮ. ಈ ಸಾಲನ್ನು ನಾನೇ ಹೊಡೆದು ಹಾಕಬೇಕು, ಆಮೇಲೆ ಕುರ್ಚಿಯನ್ನೂ ಬಿಡಬೇಕು ಎಂದು ನಿಶ್ಚಯಿಸಿದೆ. ಈ ಸಾಲಿಲ್ಲದ ಆ್ಯಪನ್ನು ಅವರು ಒಪ್ಪಿದರೂ ನಾನು ಒಪ್ಪುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ ಕುರುಮಯ್ಯ ತಾತ ಕೋಲೂರಿ ಎದ್ದರು.

"ವೆಂಕಪ್ಪ, ನಿನ್ನ ಹಿಂಡಿಗಿ ಹ್ವಾದ ತಿಂಗಳು ಸೂಜಿ ಆತೇನು?"

"ಆತಲ್ಲ."

"ಎಲ್ಲಾಕೂ?"

"ಎಲ್ಲಾಕೂ."

"ಗಬ್ಬ ಇದ್ದ ಕುರಿಗೂ?"

ವೆಂಕಪ್ಪನವರು ತಲೆ ಕೆರೆದುಕೊಂಡರು. ಆಮೇಲೆ, ಮನೆಯಲ್ಲಿ ದಿನಾ ಮಾಡುವ ಹಾಗೆ, ಯೋಚನೆಯೇ ಇಲ್ಲದೆ ಕಿಟಕಿಯ ಕಡೆ ತಿರುಗಿ ಕೂಗಿದರು: "ಏ ಇಕಿನ, ಗಬ್ಬ ಇದ್ದವಕ್ಕ ಸೂಜಿ ಹಾಕ್ಸೀಯೇನು?"

"ಕೆಂಚೀಗಿ, ಚುಕ್ಕೀಗಿ ಬಿಟ್ಟೀನ್ರಿ. ಈದ ಮ್ಯಾಲ ಹಾಕಸ್ತೀನಿ" ಎಂದು ಹೊರಗಿಂದ ಅವರ ಹೆಂಡತಿ ಉತ್ತರ ಕೊಟ್ಟರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ನಗು ಹೇಗೆ ಎದ್ದಿತೆಂದರೆ ನನ್ನ ಕೈಯ ಪೆನ್ನು ಎಲ್ಲಿ ಬಿತ್ತೋ ಗೊತ್ತಿಲ್ಲ. ಎಲ್ಲರಿಗಿಂತ ಹೆಚ್ಚು ನಕ್ಕವರು ವೆಂಕಪ್ಪನವರೇ; ಕಣ್ಣಲ್ಲಿ ನೀರು ಬಂದು, ಹೆಗಲ ವಲ್ಲಿಯಿಂದ ಒರೆಸಿಕೊಂಡು, "ಇನ್ನೊಮ್ಮಿ ಓದವ್ವ ಆ ಸಾಲು" ಎಂದರು. ಓದಿದೆ. ಮೊದಲು ಒಬ್ಬರು, ಆಮೇಲೆ ಹತ್ತು ಜನ, ಆಮೇಲೆ ಭವನ ಪೂರ್ತಿ. ಕೊನೆಯ ಹ್ಞೂಂ ಅಧ್ಯಕ್ಷರದು. ನನ್ನ ಕುರ್ಚಿ ಉಳಿಯಿತು, ನಿನ್ನ ಹತ್ತೊಂಬತ್ತೂ ಸಾಲು ಉಳಿದವು. ಅತ್ತೆ ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಮುಟ್ಟಿದರು. ಅತ್ತೆ ಹಾಗೆಲ್ಲ ಮಾಡುವವರಲ್ಲ. ನಾನು ಅತ್ತುಬಿಟ್ಟೆ, ಎಲ್ಲರ ಮುಂದೆ.

ಮೊದಲ ಹಿಂಡು ಅಧ್ಯಕ್ಷರದೇ ದಾಖಲಾಗಲಿ ಎಂದರು ಎಲ್ಲರೂ. ಓದು ಬಾರದವರಿಗೂ ಆಗಲಿ ಎಂದು ಹೆಸರನ್ನು ಬಾಯಲ್ಲೇ ಹೇಳುವಂತೆ ಮಾಡಿದ್ದೀಯಲ್ಲ, ಫೋನನ್ನು ಅವರ ಮುಂದೆ ಹಿಡಿದೆ. "ಹಿಂಡಿನ ಹಿಂದ ಹೋಗೋರ ಹೆಸರು ಹೇಳ್ರಿ."

"ನಿಂಗ ಗೊತ್ತಲ್ಲ, ನೀನs ಹೇಳು."

"ಹಿಂಡಿನ ಮನಿಯವರು ಹೇಳಬೇಕ್ರಿ."

ಅವರಿಗೆ ಮದುವೆಯಾಗಿ ನಲವತ್ತೊಂದು ವರ್ಷ. ನಮ್ಮ ಕಡೆಯ ಹಿರಿಯರು ಹೆಂಡತಿಯ ಹೆಸರು ಹಿಡಿಯುವುದಿಲ್ಲ, ನಿನಗೂ ಗೊತ್ತು. ಏ ಎನ್ನುತ್ತಾರೆ, ಇಕಿನ ಎನ್ನುತ್ತಾರೆ. ಫೋನನ್ನು ಬಾಯಿಯ ಹತ್ತಿರ ತಂದರು, ಇಳಿಸಿದರು. ಮತ್ತೆ ತಂದರು. ಭವನ ಕಾಯುತ್ತಿತ್ತು. ಸಣ್ಣ ಹುಡುಗನ ಹಾಗೆ ಕಿವಿಯವರೆಗೂ ಕೆಂಪಾಗಿದ್ದರು. ಕೊನೆಗೆ ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದರು:

"ಮೊಗುಲಮ್ಮ."

ಕಿಟಕಿಯ ಹೊರಗಿಂದ ಮೊಗುಲಮ್ಮನವರು "ಓ" ಎಂದರು.

ನಿನ್ನ
ರಜ್ಜು